ಮಕ್ಕಳ ಡಾಕ್ಟರ್ ಬೇರೆ, ಮಕ್ಕಳ ಸರ್ಜನ್ ಬೇರೆ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಕಾರ್ಯದರ್ಶಿಯವರು ಫೋನ್ ಮಾಡಿ, "ನೀನು ಐಟಿಯವಳು, ಎಂಟೆಕ್ ಬೇರೆ ಮಾಡಿದ್ದೀಯ, ಎಐ ಬಗ್ಗೆ ಅರ್ಧ ಗಂಟೆ ಮಾತಾಡು" ಎಂದಿದ್ದರು. ಒಂದು ವಾರ ಯೋಚಿಸಿ, "ಅದು ಬೇಡ ಅಕ್ಕಾ, ಮಕ್ಕಳ ಸರ್ಜನ್ ಬಗ್ಗೆ ಮಾತಾಡ್ತೀನಿ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ "ಯಾಕವ್ವಾ, ಮನೆಯಲ್ಲಿ ಎಲ್ಲಾ ಆರಾಮ ಇದ್ದೀರಿ ತಾನೇ?" ಎಂದು ಕೇಳಿದರು. ಆರಾಮ ಇದ್ದೇವೆ. ಹಾಗಾಗಿಯೇ ಇವತ್ತು ಮಾತಾಡಲು ಧೈರ್ಯ ಬಂದಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಹಿಂಜೆವಾಡಿಯ ಒಂದು ಕಂಪನಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವವಳು. ಇವತ್ತು ಹೇಳುವುದರಲ್ಲಿ ವೈದ್ಯಕೀಯದ ಸಂಗತಿಗಳೆಲ್ಲ ನನ್ನ ಮಗನಿಗೆ ಆಪರೇಷನ್ ಮಾಡಿದ ಸರ್ಜನ್ ಮೇಡಂ ಬಳಿ ಕೂತು ಕೇಳಿದ್ದು, ಓದಿ ತಿಳಿದದ್ದು, ಮತ್ತೆ ಅವರಿಗೇ ತೋರಿಸಿ ತಿದ್ದಿಸಿಕೊಂಡಿದ್ದು. ಅವರು ತಮ್ಮ ಹೆಸರು ಬೇಡ ಎಂದರು. ಮಗನ ಹೆಸರೂ ಹೇಳುವುದಿಲ್ಲ. ಮುಂದೆ ದೊಡ್ಡವನಾಗಿ ಇದನ್ನು ಓದಿ "ಅಮ್ಮಾ, ಇಡೀ ಪುಣೆಯ ಕನ್ನಡಿಗರಿಗೆ ನನ್ನ ವಿಷಯ ಹೇಳಿದ್ಯಾ" ಎಂದು ಬೈದರೆ ಬೈಸಿಕೊಳ್ಳುತ್ತೇನೆ.

ವಿಷಯ ಇಷ್ಟು. ನನ್ನ ಮಗನಿಗೆ ಬಲಗಡೆಯ ವೃಷಣ ಚೀಲಕ್ಕೆ ಇಳಿದಿರಲಿಲ್ಲ. ನಮ್ಮ ಕಡೆ ಬೀಜ ಇಳಿದಿಲ್ಲ ಅನ್ನುತ್ತಾರೆ. ಈ ಶಬ್ದವನ್ನು ಮೈಕಿನ ಮುಂದೆ ಹೇಳಲು ನಿನ್ನೆ ರಾತ್ರಿ ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡು ಬಂದಿದ್ದೇನೆ. ನಗಬೇಡಿ, ಈ ಸಂಕೋಚಕ್ಕೇ ನಮ್ಮ ಮನೆಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೋಯಿತು.

ಅವನಿಗೆ ಎರಡೂವರೆ ವರ್ಷವಿದ್ದಾಗ ಸ್ನಾನ ಮಾಡಿಸುವಾಗ ನನಗೆ ಅನುಮಾನ ಬಂತು. ಗಂಡನಿಗೆ ಹೇಳಿದೆ, ಅವರು ನೋಡಿ "ಹೌದೇನೋ" ಎಂದರು. ಅತ್ತೆ ವಿಜಯಪುರದಿಂದ ಬಂದಿದ್ದರು. "ನಮ್ಮ ಮನ್ಯಾಗ ಎಲ್ಲಾ ಹುಡುಗ್ರೂ ಹಂಗ ಬೆಳದಾರ, ತಾನ ಇಳಿತದ ಬಿಡು. ಊರ ತುಂಬ ಹೇಳ್ಕೋತ ಅಡ್ಡಾಡಬ್ಯಾಡ" ಎಂದರು. ನಾವು ಲಸಿಕೆಗೆ ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ಕೇಳಿದೆ. ಐದು ವರ್ಷದವರೆಗೆ ಕಾಯಿರಿ, ಆಮೇಲೆ ನೋಡೋಣ ಎಂದರು. ಡಾಕ್ಟರೇ ಹೇಳಿದ ಮೇಲೆ ಇನ್ನೇನು? ನಿಶ್ಚಿಂತೆಯಿಂದ ಮನೆಗೆ ಬಂದೆವು.

ಹುಬ್ಬಳ್ಳಿಯಲ್ಲಿ ಸ್ಟಾಫ್ ನರ್ಸ್ ಆಗಿರುವ ನನ್ನ ಚಿಕ್ಕಮ್ಮನ ಮಗಳು ದೀಪಾವಳಿಗೆ ಬಂದಳು. ಅಭ್ಯಂಜನದ ದಿನ ಅವಳೇ ಅವನಿಗೆ ಎಣ್ಣೆ ಹಚ್ಚುತ್ತಿದ್ದಳು. ಬಚ್ಚಲಿಂದಲೇ ಕೂಗಿದಳು: "ಅಕ್ಕಾ, ಇವಂದು ಒಂದು ಕಡೆ ಇಳದೇ ಇಲ್ಲಲ್ಲ, ತೋರ್ಸೀರೇನು?"

"ಮಕ್ಕಳ ಡಾಕ್ಟರಿಗೆ ತೋರ್ಸೀವಿ. ಐದು ವರ್ಷ ತನಕ ಕಾಯ್ರಿ ಅಂದಾರ."

"ಡಾಕ್ಟರಿಗಲ್ಲ ಅಕ್ಕಾ, ಮಕ್ಕಳ ಸರ್ಜನ್‌ಗೆ ತೋರ್ಸು. ನಾಳೇನ ಹೋಗು."

ಮಕ್ಕಳಿಗೆಂದೇ ಸರ್ಜನ್ ಇರುತ್ತಾರೆ ಎಂದು ನನಗೆ ಗೊತ್ತಾದದ್ದು ಆವತ್ತು. 34ನೇ ವಯಸ್ಸಿನಲ್ಲಿ, ಎಂಟೆಕ್ ಮುಗಿಸಿ, ತಾಯಿಯಾಗಿ ಮೂರೂವರೆ ವರ್ಷ ಕಳೆದ ಮೇಲೆ.

ಹಬ್ಬ ಮುಗಿದ ವಾರವೇ ಹೋದೆವು. ನಾನು ಮಗನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಿದ್ದುದನ್ನು ಕೇಳಿ ಮೇಡಂ, "ಧಾರವಾಡ ಕಡೆಯವ್ರೇನ್ರಿ?" ಎಂದರು. ಅವರು ಬೆಳಗಾವಿಯವರಂತೆ. ನನ್ನ ಅರ್ಧ ಭಯ ಅಲ್ಲೇ ಇಳಿಯಿತು. ಅವರು ಮೊದಲು ಬಿಸಿನೀರಿನಲ್ಲಿ ಕೈ ತೊಳೆದು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡರು. ಮಗನಿಗೆ, "ಊಟಕ್ಕ ಕೂಡ್ತಿಯಲ್ಲ, ಹಂಗ ಚಕ್ಕಳಮಕ್ಕಳ ಹಾಕಿ ಕೂಡು" ಎಂದರು. ಕಾರಣ ಆಮೇಲೆ ತಿಳಿಯಿತು. ತಣ್ಣನೆಯ ಕೈ ತಾಗಿದರೆ, ಮಗು ಹೆದರಿದರೆ, ಅಲ್ಲಿನ ಒಂದು ಸ್ನಾಯು ವೃಷಣವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಕೆಲವು ಹುಡುಗರಲ್ಲಿ ಹೀಗೆ ಹತ್ತಿ ಇಳಿದು ಮಾಡುತ್ತಿರುತ್ತದೆ. ಅವರಿಗೆ ಆಪರೇಷನ್ ಬೇಕಿಲ್ಲ, ವರ್ಷಕ್ಕೊಮ್ಮೆ ನೋಡಿದರೆ ಸಾಕು. ನಿಜವಾಗಿ ಇಳಿಯದೇ ಉಳಿದಿರುವುದು ಬೇರೆ. ಎರಡರ ವ್ಯತ್ಯಾಸ ಹೇಳಲು ಹೆಚ್ಚಿನ ವೇಳೆ ಸ್ಕ್ಯಾನ್ ಕೂಡ ಬೇಕಾಗುವುದಿಲ್ಲ, ಅನುಭವವಿರುವ ಬೆರಳು ಸಾಕು. ನಾವು ಎರಡು ಸಾವಿರ ರೂಪಾಯಿ ಕೊಟ್ಟು ಮಾಡಿಸಿಕೊಂಡು ಹೋಗಿದ್ದ ಸೋನೋಗ್ರಫಿಯ ಲಕೋಟೆಯನ್ನು ಅವರು ಪರೀಕ್ಷೆ ಮುಗಿಯುವವರೆಗೆ ತೆರೆದು ನೋಡಲೂ ಇಲ್ಲ.

ಪರೀಕ್ಷೆ ಮುಗಿಸಿ, "ತೊಡೆಸಂದಿಯೊಳಗ ಸಿಕ್ಕೊಂಡದ. ಇದು ತಾನ ಇಳಿಯೂದಿಲ್ಲ. ಒಂದು ವರ್ಷದೊಳಗ ಬರಬೇಕಿತ್ತು ನೀವು" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅವರು ವಿವರಿಸಿದ್ದು ಇದು. ತಾಯಿಯ ಹೊಟ್ಟೆಯಲ್ಲಿರುವಾಗ ವೃಷಣ ಮಗುವಿನ ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ ಹುಟ್ಟಿ, ಕೊನೆಯ ತಿಂಗಳುಗಳಲ್ಲಿ ಕೆಳಗಿಳಿಯುತ್ತದೆ. ತಿಂಗಳು ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು ಮೂವರಿಗೆ ಹುಟ್ಟುವಾಗ ಇಳಿದಿರುವುದಿಲ್ಲ. ತಿಂಗಳು ತುಂಬದೆ ಹುಟ್ಟಿದವರಲ್ಲಿ ಇದು ಇನ್ನೂ ಹೆಚ್ಚು. ಬಹಳಷ್ಟು ಮಕ್ಕಳಿಗೆ ಮೊದಲ ಕೆಲವು ತಿಂಗಳಲ್ಲಿ ಇಳಿದುಬಿಡುತ್ತದೆ. ಅತ್ತೆಯ ಮಾತಿನಲ್ಲಿ ನಿಜ ಇತ್ತು, ಆದರೆ ಆ ನಿಜಕ್ಕೆ ಆರು ತಿಂಗಳ ಗಡುವಿದೆ. ಆರು ತಿಂಗಳ ನಂತರ ತಾನಾಗಿ ಇಳಿಯುವುದು ಬಹಳ ಅಪರೂಪ. ಹಾಗಾಗಿ ಆರು ತಿಂಗಳಿಗೆ ಸರ್ಜನ್‌ಗೆ ತೋರಿಸಿ, ಒಂದು ವರ್ಷದ ಆಚೀಚೆ, ಹೆಚ್ಚೆಂದರೆ ಒಂದೂವರೆ ವರ್ಷದೊಳಗೆ ಆಪರೇಷನ್ ಮುಗಿಸಬೇಕು ಎಂಬುದು ಈಗಿನ ಪದ್ಧತಿ. ಏಕೆಂದರೆ ವೃಷಣಕ್ಕೆ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಒಳಗಿನ ಕಾವಿನಲ್ಲಿ ಉಳಿದರೆ ಮುಂದೆ ವೀರ್ಯಾಣು ಆಗಬೇಕಾದ ಜೀವಕೋಶಗಳು ಕಡಿಮೆಯಾಗುತ್ತ ಹೋಗುತ್ತವೆ. ದೊಡ್ಡವನಾದ ಮೇಲೆ ಆ ಭಾಗದಲ್ಲಿ ಕ್ಯಾನ್ಸರ್ ಬರುವ ಸಂಭವವೂ ಉಳಿದವರಿಗಿಂತ ಹೆಚ್ಚು, ಬೇಗ ಆಪರೇಷನ್ ಆದರೆ ಅದು ತಗ್ಗುತ್ತದೆ.

ಐದು ವರ್ಷ ಕಾಯಿರಿ ಎಂದವರು ಸುಳ್ಳು ಹೇಳಿದರು ಎಂದು ನಾನು ಹೇಳುವುದಿಲ್ಲ. ಒಂದು ಕಾಲಕ್ಕೆ ಪುಸ್ತಕದಲ್ಲೂ ಹಾಗೇ ಇತ್ತು, ಅದಕ್ಕೂ ಹಿಂದೆ ಹತ್ತು ವರ್ಷ ದಾಟಿದರೂ ಪರವಾಗಿಲ್ಲ ಎಂದಿತ್ತು. ತಿಳಿವಳಿಕೆ ಬೆಳೆದ ಹಾಗೆ ವಯಸ್ಸು ಕೆಳಗಿಳಿದಿದೆ. ನಮ್ಮ ಸಾಫ್ಟ್‌ವೇರಿನ ಭಾಷೆಯಲ್ಲಿ, ಅವರ ಬಳಿ ಹಳೆಯ ವರ್ಷನ್ ಇತ್ತು.

ನನ್ನ ತಪ್ಪು ಇನ್ನೊಂದಿದೆ, ಅದನ್ನೂ ಹೇಳಬೇಕು. ಮನೆಗೆ ಬಂದು ಮಗನ ಲಸಿಕೆಯ ಫೈಲನ್ನು ಮೊದಲ ಪುಟದಿಂದ ತಿರುವಿದೆ. ಒಂಬತ್ತನೇ ತಿಂಗಳ ಪುಟದಲ್ಲಿ, ನಾವು ವಾಕಡ್‌ನಲ್ಲಿದ್ದಾಗಿನದು, ತೂಕ ಎತ್ತರದ ಕೆಳಗೆ ಯಾರೋ ಸಣ್ಣ ಅಕ್ಷರದಲ್ಲಿ ಬರೆದಿದ್ದರು: "ಬಲ ವೃಷಣ ಕೈಗೆ ಸಿಗುತ್ತಿಲ್ಲ, ಮತ್ತೆ ನೋಡಿ" ಎಂಬರ್ಥದ ಅರ್ಧ ಸಾಲು ಇಂಗ್ಲಿಷು. ಅದಾದ ಮೇಲೆ ನಾವು ಕೋಥ್ರೂಡಿಗೆ ಮನೆ ಬದಲಿಸಿದೆವು, ಕ್ಲಿನಿಕ್ಕೂ ಬದಲಾಯಿತು. ಹೊಸ ಕ್ಲಿನಿಕ್ಕಿನಲ್ಲಿ ಡೈಪರ್ ಬಿಚ್ಚಿಸಿ ನೋಡಿದವರಿಲ್ಲ, ಹಳೆಯ ಪುಟ ತಿರುವಿದವರೂ ಇಲ್ಲ. ನನ್ನ ಕೆಲಸವೇ ಲಾಗ್ ಓದುವುದು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಲಕ್ಷ ಸಾಲಿನಲ್ಲಿ ಒಂದು ಸಾಲು ಹುಡುಕಿ ತೆಗೆಯುತ್ತೇನೆ, ಅದಕ್ಕೇ ಸಂಬಳ. ಮಗನ ಫೈಲಿನ ಹನ್ನೆರಡು ಪುಟ ನಾನು ಓದಿರಲಿಲ್ಲ.

ಇನ್ನು ಈ ಮಕ್ಕಳ ಸರ್ಜನ್ ಎನ್ನುವವರು ಯಾರು, ಏನು ಓದಿರುತ್ತಾರೆ ಎಂಬ ವಿಷಯಕ್ಕೆ ಬರುತ್ತೇನೆ. ಮೇಡಂ ಬೋರ್ಡಿನಲ್ಲಿ ಹೆಸರಿನ ಮುಂದೆ ಎಂಬಿಬಿಎಸ್, ಎಂಎಸ್, ಎಂಸಿಎಚ್ ಎಂದಿತ್ತು. ಎಂಸಿಎಚ್ ಅಂದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬರೆದಿರುತ್ತಾರಲ್ಲ, ತಾಯಿ ಮತ್ತು ಮಗುವಿನ ಆರೋಗ್ಯ, ಅದೇ ಎಂದುಕೊಂಡಿದ್ದೆ. ಕೇಳಿದರೆ ನಕ್ಕರು. ಅದು ಶಸ್ತ್ರಚಿಕಿತ್ಸೆಯಲ್ಲಿ ಎಂಎಸ್ ನಂತರದ ಪದವಿ, ಸೂಪರ್ ಸ್ಪೆಷಾಲಿಟಿ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಜನರಲ್ ಸರ್ಜರಿಯಲ್ಲಿ ಎಂಎಸ್ ಅಥವಾ ಡಿಎನ್‌ಬಿ ಮೂರು ವರ್ಷ. ಆಮೇಲೆ ಮತ್ತೊಂದು ಪ್ರವೇಶ ಪರೀಕ್ಷೆ ಬರೆದು ಪೀಡಿಯಾಟ್ರಿಕ್ ಸರ್ಜರಿಯಲ್ಲಿ ಎಂಸಿಎಚ್ ಮೂರು ವರ್ಷ. ಒಟ್ಟು ಹನ್ನೊಂದೂವರೆ ವರ್ಷ, ಅದೂ ಎಲ್ಲಾ ಸೀಟು ಮೊದಲ ಸಲಕ್ಕೇ ಸಿಕ್ಕರೆ. ನನ್ನ ಬಿಇ, ಎಂಟೆಕ್ ಎರಡೂ ಸೇರಿ ಆರು ವರ್ಷ, ಅದಕ್ಕೇ ಅಪ್ಪ ಊರೆಲ್ಲ ಪೇಡೆ ಹಂಚಿದ್ದರು.

ನಾವು ಮಕ್ಕಳ ಡಾಕ್ಟರ್ ಎನ್ನುವವರು ಎಂಬಿಬಿಎಸ್ ನಂತರ ಮಕ್ಕಳ ಆರೋಗ್ಯದಲ್ಲಿ ಎಂಡಿ ಅಥವಾ ಡಿಸಿಎಚ್ ಮಾಡಿರುತ್ತಾರೆ. ಜ್ವರ, ಲಸಿಕೆ, ಬೆಳವಣಿಗೆ, ದಮ್ಮು ಎಲ್ಲ ಅವರದು. ಅವರು ಆಪರೇಷನ್ ಮಾಡುವುದಿಲ್ಲ. ಹಾಗೆಯೇ ಮಕ್ಕಳ ಹೃದಯದ ಆಪರೇಷನ್‌ಗೆ ಹೃದಯದ ಸರ್ಜನ್ನರು, ಮೂಳೆಗೆ ಮೂಳೆಯವರು, ಟಾನ್ಸಿಲ್‌ಗೆ ಕಿವಿ-ಮೂಗು-ಗಂಟಲಿನವರು ಇದ್ದಾರೆ. ಮಿಕ್ಕ ಬಹುಪಾಲು, ಕುತ್ತಿಗೆ, ಎದೆಗೂಡು, ಹೊಟ್ಟೆ, ಕರುಳು, ಪಿತ್ತನಾಳ, ಮೂತ್ರದ ದಾರಿ, ಜನನಾಂಗ, ಗಡ್ಡೆಗಳು, ಇವೆಲ್ಲ ಮಕ್ಕಳ ಸರ್ಜನ್ ನೋಡುವಂಥವು. ದೊಡ್ಡವರಿಗೆ ಇದೇ ಜಾಗಗಳಿಗೆ ನಾಲ್ಕೈದು ಬಗೆಯ ಸರ್ಜನ್ನರು ಬೇಕು. "ನಮಗ ಅಂಗದಿಂದಲ್ಲ, ವಯಸ್ಸಿನಿಂದ ಗಡಿ ಹಾಕ್ಯಾರ" ಎಂದರು ಮೇಡಂ.

ದೊಡ್ಡವರ ಸರ್ಜನ್ನೇ ಸಣ್ಣ ಕತ್ತರಿ ಹಿಡಿದು ಮಾಡಿದರೆ ಆಗುವುದಿಲ್ಲವೇ ಎಂದು ನಾನು ಕೇಳಿದೆ. ಅದಕ್ಕೆ ಅವರು ಒಂದು ಲೆಕ್ಕ ಹೇಳಿದರು. ಹುಟ್ಟಿದ ಮಗುವಿನಲ್ಲಿ ಕಿಲೋಗೆ ಸುಮಾರು 80 ಎಂಎಲ್ ರಕ್ತ ಇರುತ್ತದೆ. ಮೂರು ಕಿಲೋ ಮಗುವಿಗೆ 240 ಎಂಎಲ್, ಒಂದು ಲೋಟ. ಕೆಮ್ಮಿನ ಔಷಧದ ಮುಚ್ಚಳ ಗೊತ್ತಲ್ಲ, ಹತ್ತು ಎಂಎಲ್‌ದು? ಅಂಥ ಎರಡೂವರೆ ಮುಚ್ಚಳ ರಕ್ತ ಹೋದರೆ ಹತ್ತರಲ್ಲೊಂದು ಪಾಲು ಹೋದಂತೆ. ದೊಡ್ಡವರಿಗೆ ಇದು ಅರ್ಧ ಲೀಟರಿಗೆ ಸಮ. ಮಗುವಿನ ಮೈ ಬೇಗ ತಣ್ಣಗಾಗುತ್ತದೆ, ಅದಕ್ಕೇ ಎಳೆಗೂಸಿನ ಆಪರೇಷನ್ ಇದ್ದ ದಿನ ಥಿಯೇಟರಿನ ಏಸಿ ಕಡಿಮೆ ಮಾಡಿ, ಡಾಕ್ಟರುಗಳು ಬೆವರುತ್ತ ನಿಲ್ಲುತ್ತಾರೆ. ಹೊಲಿಯುವ ದಾರ ನಮ್ಮ ಕೂದಲಿನಷ್ಟು ತೆಳುವಾಗಿರುತ್ತದೆ. ಮತ್ತೆ ಇವತ್ತು ಹೊಲಿದದ್ದು ಮಗುವಿನ ಜೊತೆಗೇ ಬೆಳೆಯಬೇಕು, 70 ವರ್ಷ ಕೆಲಸ ಮಾಡಬೇಕು.

ಈ ವಿಭಾಗ ಬೇರೆಯಾದದ್ದು ಬಹಳ ಹಳೆಯ ಕಾಲದಲ್ಲೇನಲ್ಲ. 1917ರ ಡಿಸೆಂಬರ್‌ನಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸಿಡಿಮದ್ದು ತುಂಬಿದ ಹಡಗು ಸ್ಫೋಟಿಸಿ ಊರಿಗೆ ಊರೇ ಹಾಳಾಯಿತು. ಅಮೆರಿಕದ ಬಾಸ್ಟನ್ನಿನಿಂದ ನೆರವಿಗೆ ಹೋದ ವೈದ್ಯರಲ್ಲಿ ವಿಲಿಯಂ ಲ್ಯಾಡ್ ಒಬ್ಬರು. ಅಲ್ಲಿ ಗಾಯಗೊಂಡ ಮಕ್ಕಳನ್ನು ನೋಡಿ ಅವರ ಮನಸ್ಸು ಈ ಕಡೆ ತಿರುಗಿತು ಎಂಬ ಕಥೆಯಿದೆ. ಮುಂದೆ ಅವರು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲೇ ಇದ್ದು, ಶಿಷ್ಯ ರಾಬರ್ಟ್ ಗ್ರಾಸ್ ಜೊತೆ 1941ರಲ್ಲಿ ಮಕ್ಕಳ ಹೊಟ್ಟೆಯ ಶಸ್ತ್ರಚಿಕಿತ್ಸೆಯ ಪುಸ್ತಕ ಬರೆದರು. ಕರುಳು ತಿರುಚಿಕೊಂಡ ಮಕ್ಕಳಿಗೆ ಇವತ್ತಿಗೂ ಮಾಡುವ ಆಪರೇಷನ್ನಿಗೆ ಅವರದೇ ಹೆಸರು. ನಮ್ಮಲ್ಲಿ ಮುಂಬಯಿಯ ಪರೇಲ್‌ನಲ್ಲಿ ಮಕ್ಕಳಿಗೆಂದೇ ವಾಡಿಯಾ ಆಸ್ಪತ್ರೆ 1929ರಲ್ಲೇ ಶುರುವಾಗಿತ್ತು. ಮಕ್ಕಳ ಸರ್ಜನ್ನರ ಅಖಿಲ ಭಾರತ ಸಂಘ ಕಟ್ಟಿದ್ದು 1965ರಲ್ಲಿ. ತಲೆಯಲ್ಲಿ ನೀರು ತುಂಬಿ ತಲೆ ದೊಡ್ಡದಾಗುವ ಮಕ್ಕಳಿಗೆ ಹಾಕುವ ಶಂಟ್ ಎಂಬ ನಳಿಕೆ ಹೊರದೇಶದಿಂದ ಬಂದು ತುಟ್ಟಿಯಾಗಿದ್ದ ಕಾಲದಲ್ಲಿ, ದೆಹಲಿಯ ಏಮ್ಸ್‌ನ ಪ್ರೊ. ಉಪಾಧ್ಯಾಯ ಅವರು ಇಲ್ಲಿಯೇ ಅಗ್ಗದ ಬೆಲೆಗೆ ಸಿಗುವಂಥದ್ದನ್ನು ರೂಪಿಸಿದರು. ಅದು ಉಪಾಧ್ಯಾಯ ಶಂಟ್ ಎಂದೇ ಹೆಸರಾಗಿದೆ.

ನನಗೆ ನಿದ್ದೆಗೆಡಿಸಿದ ಸಂಗತಿ ಇನ್ನೊಂದು. 1980ರ ದಶಕದವರೆಗೂ ಎಳೆಗೂಸುಗಳಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ, ಅರಿವಳಿಕೆಯೇ ಅಪಾಯ ಎಂದು ನಂಬಿ, ಎಷ್ಟೋ ಕಡೆ ತೀರಾ ಕಡಿಮೆ ಅರಿವಳಿಕೆಯಲ್ಲಿ, ಮಗು ಅಲುಗಾಡದಂತೆ ಮಾತ್ರ ಔಷಧಿ ಕೊಟ್ಟು ಆಪರೇಷನ್ ಮಾಡುತ್ತಿದ್ದರು. ಅದು ತಪ್ಪೆಂದು ಲೆಕ್ಕ ಸಮೇತ ತೋರಿಸಿದವರಲ್ಲಿ ಮೊದಲಿಗರು ನಮ್ಮವರೇ. ಇಂದೋರಿನಲ್ಲಿ ಎಂಬಿಬಿಎಸ್ ಓದಿ ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಆನಂದ್. ಸರಿಯಾದ ನೋವಿನ ಔಷಧಿ ಕೊಟ್ಟ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತವೆ ಎಂದು 1987ರಲ್ಲಿ ಅವರ ತಂಡ ಪ್ರಕಟಿಸಿತು. ಮಕ್ಕಳ ಅಳುವನ್ನು ನಂಬಲು ಪ್ರಪಂಚಕ್ಕೆ ಪ್ರಬಂಧ ಬೇಕಾಯಿತು. ಯಾವ ತಾಯಿಯನ್ನು ಕೇಳಿದ್ದರೂ ಹೇಳುತ್ತಿದ್ದಳು, ಬಿಡಿ.

ಈಗ ಸ್ವಲ್ಪ ಗಮನವಿಟ್ಟು ಕೇಳಿ. ಬಸುರಿ ಸೊಸೆ, ಮಗಳು ಇರುವವರು ಮುಖ್ಯವಾಗಿ. ಕೆಲವು ಮಕ್ಕಳು ಹುಟ್ಟುವಾಗಲೇ ಆಪರೇಷನ್ ಬೇಕಾದ ತೊಂದರೆ ಹೊತ್ತು ಬರುತ್ತವೆ. ಅನ್ನನಾಳ ಅರ್ಧಕ್ಕೇ ನಿಂತು ಕೆಳಗಿನ ತುದಿ ಶ್ವಾಸನಾಳಕ್ಕೆ ಅಂಟಿರುವುದು, ಗುದದ್ವಾರವೇ ಇಲ್ಲದಿರುವುದು, ವಪೆಯಲ್ಲಿ ತೂತಿದ್ದು ಕರುಳು ಎದೆಗೆ ಏರಿರುವುದು, ಕರುಳಿನ ದಾರಿ ಮುಚ್ಚಿರುವುದು. ಅಪರೂಪ, ಒಂದೊಂದೂ ಕೆಲವು ಸಾವಿರ ಮಕ್ಕಳಲ್ಲಿ ಒಬ್ಬರಿಗೆ. ಇವುಗಳಲ್ಲಿ ಕೆಲವು, ಮೂತ್ರಪಿಂಡದ ಊತವೂ ಸೇರಿ, 18ರಿಂದ 20ನೇ ವಾರದ ಸ್ಕ್ಯಾನಿನಲ್ಲಿ ಅಥವಾ ಆಮೇಲೆ ಕಾಣುತ್ತವೆ. ಏನಾದರೂ ಕಂಡರೆ ಹೆರಿಗೆಗೆ ಮೊದಲೇ ಮಕ್ಕಳ ಸರ್ಜನ್ನರನ್ನು ಭೇಟಿಯಾಗಬಹುದು, ಇದು ಬಹಳ ಜನರಿಗೆ ತಿಳಿದಿಲ್ಲ. ಎಷ್ಟೋ ಸಲ "ಇದಕ್ಕೇನೂ ಬೇಡ, ಹುಟ್ಟಿದ ಮೇಲೆ ಒಂದು ಸ್ಕ್ಯಾನ್ ಮಾಡೋಣ" ಎಂದು ಕಳಿಸುತ್ತಾರೆ, ಆ ಒಂದು ಮಾತಿಗೆ ಬಸುರಿ ನೆಮ್ಮದಿಯಿಂದ ಉಣ್ಣುತ್ತಾಳೆ. ಆಪರೇಷನ್ ಬೇಕೆಂದಾದರೆ, ಆ ಸೌಕರ್ಯ ಇರುವಲ್ಲೇ ಹೆರಿಗೆ ಮಾಡಿಸಿಕೊಳ್ಳಿ. ತವರಿನ ಹೆರಿಗೆ, ಸಂಪ್ರದಾಯ ಎಂದು ಹಟ ಬೇಡ. ಹುಟ್ಟಿದ ಮಗುವನ್ನು ಆಂಬುಲೆನ್ಸಿನಲ್ಲಿ 200 ಕಿಲೋಮೀಟರ್ ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲೇ ಸಾಗಿಸುವುದು ಸುರಕ್ಷಿತ.

ಎಳೆಗೂಸು ಹಸಿರು ಬಣ್ಣದ ವಾಂತಿ ಮಾಡಿದರೆ, ಹಾಲು ಕಕ್ಕುವುದಲ್ಲ, ಪಾಲಕ್ ರಸದಂಥ ಹಸಿರು, ಮರುದಿನಕ್ಕೆ ಕಾಯಬೇಡಿ, ಗ್ರೈಪ್ ವಾಟರ್ ಕೊಟ್ಟು ನೋಡಬೇಡಿ. ಕರುಳು ತಿರುಚಿಕೊಂಡಿರಬಹುದು, ರಕ್ತ ಸಂಚಾರ ನಿಂತ ಕರುಳು ಕೆಲವು ಗಂಟೆಗಳಲ್ಲಿ ಸಾಯುತ್ತದೆ. ಹುಟ್ಟಿದ ಮಗುವಿನ ಕಾಮಾಲೆ ಎರಡು ವಾರ ದಾಟಿದರೆ ಡೈಪರ್ ನೋಡಿ. ಮಲ ಹಳದಿಯಿದ್ದರೆ ಒಂದು, ಬಿಳಿ ಸುಣ್ಣದಂತೆ, ಜೇಡಿಮಣ್ಣಿನಂತೆ ಇದ್ದರೆ ಮತ್ತೊಂದು. ಬಿಳಿಯಿದ್ದರೆ ಪಿತ್ತನಾಳ ಮುಚ್ಚಿರಬಹುದು. ಅದಕ್ಕೆ ಜಪಾನಿನ ಡಾ. ಕಸಾಯಿ ಕಂಡುಹಿಡಿದ ಆಪರೇಷನ್ ಇದೆ, 60 ದಿನದೊಳಗೆ ಆದರೆ ಫಲ ಹೆಚ್ಚು. ಬಿಸಿಲಿಗೆ ಹಿಡಿಯಿರಿ, ಹೋಗುತ್ತದೆ ಎಂದು ಬಿಸಿಲಿಗೆ ಹಿಡಿಯುತ್ತಲೇ ಎರಡು ತಿಂಗಳು ಕಳೆದು ಬರುವವರನ್ನು ಕಂಡರೆ ತಮಗೆ ಅಳು ಬರುತ್ತದೆ ಎಂದರು ಮೇಡಂ.

ಆರು ತಿಂಗಳು, ಎಂಟು ತಿಂಗಳು, ಒಂದು ವರ್ಷದ ಮಗು ಚೆನ್ನಾಗಿ ಆಡುತ್ತಿದ್ದದ್ದು ಹಠಾತ್ತನೆ ಕಾಲು ಮಡಚಿ ಚೀರುತ್ತದೆ, ಸುಮ್ಮನಾಗುತ್ತದೆ, ಹತ್ತು ಹದಿನೈದು ನಿಮಿಷಕ್ಕೆ ಮತ್ತೆ ಚೀರುತ್ತದೆ. ಆಮೇಲೆ ಕೆಂಪು ಜಾಮ್‌ನಂಥ ಮಲ. ಹಲ್ಲು ಬರುತ್ತಿದೆ, ದೃಷ್ಟಿಯಾಗಿದೆ ಎಂದು ನಾವು ಮೆಣಸಿನಕಾಯಿ ನಿವಾಳಿಸುತ್ತೇವೆ. ನಿವಾಳಿಸಿ, ಬೇಡ ಅನ್ನುವುದಿಲ್ಲ, ಆದರೆ ನಿವಾಳಿಸುತ್ತಲೇ ರಿಕ್ಷಾ ಕರೆಯಿರಿ. ಕರುಳಿನೊಳಗೆ ಕರುಳು ಜಾರಿಕೊಂಡಿರುತ್ತದೆ. ಬೇಗ ಹೋದರೆ ಎಷ್ಟೋ ಮಕ್ಕಳಿಗೆ ಗುದದ್ವಾರದಿಂದ ಗಾಳಿ ಅಥವಾ ನೀರು ಒತ್ತಿ ಚಾಕು ಮುಟ್ಟಿಸದೇ ಸರಿಮಾಡುತ್ತಾರೆ.

ದೊಡ್ಡ ಹುಡುಗರ ಅಮ್ಮಂದಿರೇ, ಹನ್ನೆರಡು ಹದಿಮೂರರ ಹುಡುಗ ನಡುರಾತ್ರಿ ಹೊಟ್ಟೆನೋವು ಎಂದು ಎದ್ದರೆ, "ಕೆಳಗೂ ನೋವಿದೆಯಾ?" ಎಂದು ಒಂದು ಮಾತು ಕೇಳಿ, ಇಲ್ಲವೇ ಅಪ್ಪನಿಂದ ಕೇಳಿಸಿ. ವೃಷಣ ತಿರುಚಿಕೊಂಡರೆ ಸುಮಾರು ಆರು ಗಂಟೆಯೊಳಗೆ ಬಿಡಿಸಬೇಕು. ಹುಡುಗರು ನಾಚಿಕೆಯಿಂದ ಹೊಟ್ಟೆಯ ಹೆಸರು ಹೇಳುತ್ತಾರೆ. ಇನ್ನು ಆಟಿಕೆ, ರಿಮೋಟ್‌ಗಳ ಬಟನ್ ಬ್ಯಾಟರಿ. ನಾಣ್ಯ ನುಂಗಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲಿ ಸುಡತೊಡಗುತ್ತದೆ. ಬಾಳೆಹಣ್ಣು ತಿನ್ನಿಸುತ್ತ ಕೂರಬೇಡಿ.

ಇಷ್ಟು ಹೇಳಿದ ಮೇಲೆ ನೀವು ಸರ್ಜನ್ ಹತ್ತಿರ ಹೋದರೆ ಕತ್ತರಿ ಎತ್ತಿಯೇ ಬಿಡುತ್ತಾರೆ ಎಂದು ಹೆದರಬಾರದು. ನಾನು ಒಪಿಡಿಯಲ್ಲಿ ಕಾಯುತ್ತ ಕೂತ ಎರಡು ಗಂಟೆಯಲ್ಲಿ ಬಾಗಿಲಾಚೆಯಿಂದ ಹೆಚ್ಚು ಕೇಳಿದ ಮಾತು "ಏನೂ ಮಾಡೂದು ಬ್ಯಾಡ". ಹೊಕ್ಕುಳು ಉಬ್ಬಿದ್ದಕ್ಕೆ ನಾಣ್ಯ ಕಟ್ಟಿಕೊಂಡು ಬಂದಿದ್ದರು ಒಬ್ಬ ಅಜ್ಜಿ. ನಾಣ್ಯ ಬಿಚ್ಚಿಸಿ, ಬಹಳಷ್ಟು ತಾನಾಗಿ ಮುಚ್ಚುತ್ತದೆ, ನಾಲ್ಕೈದು ವರ್ಷದವರೆಗೆ ನೋಡೋಣ ಎಂದು ಕಳಿಸಿದರು. ಸಣ್ಣ ಹುಡುಗರ ಮುಂದೊಗಲು ಹಿಂದೆ ಸರಿಯುವುದಿಲ್ಲ ಎಂದು ದಿನಾ ಎಳೆದು ಎಳೆದು ಗಾಯ ಮಾಡಿಕೊಂಡು ಬರುತ್ತಾರಂತೆ, ಅದು ಆ ವಯಸ್ಸಿಗೆ ಸಹಜ, ಎಳೆಯಲೇಬಾರದು. ಆದರೆ ತೊಡೆಸಂದಿಯ ಹರ್ನಿಯಾ ಕಾಯುವಂಥದ್ದಲ್ಲ, ಎಳೆಗೂಸಿನಲ್ಲಂತೂ ಕರುಳು ಸಿಕ್ಕಿಕೊಳ್ಳುವ ಭಯ. ಹೆಣ್ಣುಮಕ್ಕಳಿಗೂ ಬರುತ್ತದೆ, ಕೆಲವೊಮ್ಮೆ ಆ ಉಬ್ಬಿನಲ್ಲಿ ಅಂಡಾಶಯವೇ ಇರುತ್ತದೆ. ಮೂತ್ರದ ರಂಧ್ರ ತುದಿಯ ಬದಲು ಕೆಳಬದಿಗೆ ಇರುವ ಗಂಡುಮಕ್ಕಳಿಗೆ ಸುನ್ನತಿ ಮಾಡಿಸಬಾರದು, ಆ ಚರ್ಮವೇ ಮುಂದೆ ದಾರಿ ಕಟ್ಟಲು ಬೇಕು. ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಓಡಬೇಕು ಎಂಬುದನ್ನು ಹೇಳುವುದಕ್ಕೇ ಆ ಹನ್ನೊಂದೂವರೆ ವರ್ಷ ಎಂದು ನನಗನ್ನಿಸಿತು.

ನಮ್ಮ ಕಥೆಗೆ ಬರುತ್ತೇನೆ. ಆಪರೇಷನ್ ಬೆಳಿಗ್ಗೆ ಎಂಟಕ್ಕೆ. ಗಟ್ಟಿ ಆಹಾರ ಆರು ಗಂಟೆ ಮೊದಲು ನಿಲ್ಲಿಸಬೇಕು, ನೀರು ಎರಡು ಗಂಟೆ ಮೊದಲಿನವರೆಗೆ ಕೊಡಬಹುದು ಎಂದಿದ್ದರು. ಅರಿವಳಿಕೆಯ ಡಾಕ್ಟರು ಹಿಂದಿನ ದಿನವೇ ಬಂದು ಮಗನಿಗೆ ಮಾಸ್ಕ್ ಕೊಟ್ಟು ಆಟವಾಡಿಸಿದ್ದರು. ಅವರು ಮಕ್ಕಳಿಗೆ ಅರಿವಳಿಕೆ ಕೊಟ್ಟು ಅನುಭವ ಇರುವವರೇ ಎಂದು ಕೇಳುವುದು ತಪ್ಪಲ್ಲ, ನಾನು ಕೇಳಿದೆ, ಅವರು ಬೇಸರಪಡಲಿಲ್ಲ. ನಿದ್ದೆ ಬಂದ ಮೇಲೆ ಬೆನ್ನಿನ ಕೆಳಗೆ ಒಂದು ಇಂಜೆಕ್ಷನ್ ಕೊಡುತ್ತಾರೆ, ಎಚ್ಚರವಾದಾಗ ಕೆಳಭಾಗ ಕೆಲವು ಗಂಟೆ ಜೋಮು ಹಿಡಿದಿರುವುದರಿಂದ ನೋವಿರುವುದಿಲ್ಲ. ಥಿಯೇಟರಿನ ಬಾಗಿಲವರೆಗೆ ನಾನೇ ಎತ್ತಿಕೊಂಡು ಹೋದೆ. ವಾಪಸ್ ಬಂದು ಬೆಂಚಿನ ಮೇಲೆ ಕೂತಾಗ ಕೈ ಖಾಲಿ ಇದ್ದದ್ದು ನೆನಪಿದೆ. ಗಂಡ ಲ್ಯಾಪ್‌ಟಾಪ್ ತೆರೆದು ಒಂದೇ ಇಮೇಲನ್ನು ಒಂದು ಗಂಟೆ ಓದಿದರು.

ತೊಡೆಸಂದಿಯಲ್ಲಿ ಒಂದು, ಚೀಲದಲ್ಲಿ ಒಂದು, ಎರಡು ಸಣ್ಣ ಗಾಯ. ವೃಷಣವನ್ನು ಬಿಡಿಸಿ ಕೆಳಗೆ ತಂದು ಚರ್ಮದಡಿಯ ಗೂಡಿನಲ್ಲಿ ಕೂರಿಸುತ್ತಾರೆ. ಮೇಡಂ ಹೊರಗೆ ಬಂದು, "ಸಿಕ್ತು, ಕೂಡ್ಸೀನಿ. ಆ ಕಡೆದಕ್ಕಿಂತ ಸ್ವಲ್ಪ ಸಣ್ಣದದ, ಆದ್ರ ಜೀವ ಅದ" ಎಂದರು. ಮೊದಲೇ ತಂದಿದ್ದರೆ ಸಣ್ಣದಾಗುತ್ತಿರಲಿಲ್ಲವೇ ಎಂದು ಕೇಳಿದೆ. "ಹಂಗ ಹೇಳಾಕ ಬರೂದಿಲ್ಲ. ಹುಟ್ಟಾ ಸಣ್ಣದಿರಬಹುದು" ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದರೋ ನಿಜವೋ, ಮತ್ತೆ ಕೇಳಲಿಲ್ಲ. ಎಷ್ಟು ನಷ್ಟವಾಗಿದೆ, ಆಗಿದೆಯೋ ಇಲ್ಲವೋ, ಅವನು ದೊಡ್ಡವನಾಗುವವರೆಗೆ ಗೊತ್ತಾಗುವುದಿಲ್ಲ.

ಸಂಜೆಗೆ ಮನೆಗೆ ಕಳಿಸಿದರು. ಹೊಲಿಗೆ ತಾನೇ ಕರಗುವಂಥದ್ದು. ಮೂರು ವಾರ ಸೈಕಲ್ ಬೇಡ ಎಂದಿದ್ದರು, ಮೂರನೇ ದಿನಕ್ಕೇ ಸೋಫಾದಿಂದ ಜಿಗಿದ.

ವಿಮೆಯ ವಿಷಯ ಒಂದು. ನಮ್ಮ ಕ್ಲೇಮನ್ನು ಮೊದಲು ತಿರಸ್ಕರಿಸಿದರು, ಹೊರಗೆ ಕಾಣುವ ಜನ್ಮದೋಷಕ್ಕೆ ಹಣ ಕೊಡುವುದಿಲ್ಲ ಎಂದು. ಹೊರಗೆ ಕಾಣದಿರುವುದೇ ನಮ್ಮ ತೊಂದರೆ ಎಂದು ಮೇಡಂ ಪತ್ರದ ಜೊತೆ ವಾಪಸ್ ಬರೆದೆ. ಎರಡು ತಿಂಗಳಿಗೆ ಹಣ ಬಂತು. ನಿಮ್ಮ ಪಾಲಿಸಿಯಲ್ಲಿ ಆ ಸಾಲು ಏನಿದೆ ಎಂದು ಒಮ್ಮೆ ನೋಡಿಡಿ. ಮನೆಗೆಲಸಕ್ಕೆ ಬರುವವರ ಮಕ್ಕಳಿಗೆ ಇಂಥದ್ದೇನಾದರೂ ಇದ್ದರೆ, ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ಕಾರ್ಯಕ್ರಮವೊಂದು 2013ರಿಂದ ದೇಶದಲ್ಲಿ ನಡೆಯುತ್ತಿದೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂದು. ಹುಟ್ಟಿನಿಂದ ಬಂದ ದೋಷಗಳಿಗೆ ಅದರ ಮೂಲಕ ಉಚಿತ ಚಿಕಿತ್ಸೆಗೆ ಕಳಿಸುತ್ತಾರೆ. ಅಂಗನವಾಡಿಯಲ್ಲಿ ಕೇಳಲು ಅವರಿಗೆ ಹೇಳಿ.

ಅತ್ತೆಗೆ ನಾನು ಏನೂ ಅನ್ನಲಿಲ್ಲ. ಕಳೆದ ತಿಂಗಳು ಅವರೇ ಫೋನ್ ಮಾಡಿದ್ದರು. ಓಣಿಯಲ್ಲಿ ಯಾರದೋ ಮೊಮ್ಮಗನಿಗೆ ಏಳು ತಿಂಗಳಂತೆ. "ನಿಮ್ಮ ಡಾಕ್ಟರ ಹೆಸರ ಮುಂದ ಏನೋ ಮೂರ ಅಕ್ಷರ ಇದ್ವಲ್ಲ, ಅವನ್ನ ಹೇಳು, ಬರ್ಕೋತೀನಿ" ಎಂದರು. ಹೇಳಿದೆ. ಇಂಗ್ಲಿಷಿನಲ್ಲಿ ಬರೆದುಕೊಂಡು ನನಗೆ ತಿರುಗಿ ಓದಿ ಹೇಳಿದರು.

ಮಗನಿಗೆ ಈಗ ಐದು ವರ್ಷ. ವರ್ಷಕ್ಕೊಮ್ಮೆ ತೋರಿಸಬೇಕು. ಹದಿನಾಲ್ಕು ಹದಿನೈದಾದಾಗ ತಿಂಗಳಿಗೊಮ್ಮೆ ತಾನೇ ಮುಟ್ಟಿ ನೋಡಿಕೊಳ್ಳುವುದನ್ನು ಕಲಿಸಬೇಕು, ಗಡ್ಡೆ ಸಿಕ್ಕರೆ ಹೇಳಬೇಕೆಂದು. ಅದನ್ನು ತಾನು ಕಲಿಸುತ್ತೇನೆ ಎಂದು ನನ್ನ ಗಂಡ ಒಪ್ಪಿಕೊಂಡಿದ್ದಾರೆ, ಇವತ್ತು ನಿಮ್ಮೆಲ್ಲರ ಸಾಕ್ಷಿ ಇರಲಿ. ಫೈಲಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೇನೆ.

ಪ್ರಶ್ನೆಗಳಿದ್ದರೆ ಕೇಳಿ. ಮೈಕಿನಲ್ಲಿ ಕೇಳಲು ಮುಜುಗರವಾದರೆ ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತುಬಿಡಿ, ಹಸಿರು ಸೀರೆ ನನ್ನದು.